ಅತ್ತಿಗೆಯ ಕೆಸರುಪ್ರೀತಿ

ನಮ್ಮ ಅತ್ತಿಗೆಗೆ ಮನುಷ್ಯರಿಗಿಂತ ಕೆಸರಿನ ಮೇಲೆ ಪ್ರೀತಿ ಜಾಸ್ತಿ! ಇದು ಮೈದುನನ ಚಾಡಿಯಲ್ಲ. ಕೈಹಿಡಿದ ನಮ್ಮಣ್ಣನೇ ಒಪ್ಪಿಕೊಂಡ ಸತ್ಯ.

ಅವರ ಕೆಲಸವೇ ಅಂಥದ್ದು. ಹಡಗಿನಿಂದ ಸಮುದ್ರದ ತಳಕ್ಕೆ ಉದ್ದನೆಯ ಕೊಳವೆ ಇಳಿಸಿ, ಪದರ ಕೆಡದಂತೆ ಕೆಸರನ್ನು ಮೇಲೆತ್ತಿ, ಲಕ್ಷಾಂತರ ವರ್ಷಗಳ ಹಿಂದೆ ಆ ಆಳದಲ್ಲಿ ನೀರು ಹೇಗೆ ಹರಿಯುತ್ತಿತ್ತು, ಧ್ರುವಗಳಲ್ಲಿ ಹಿಮ ಯಾವಾಗ ಬೆಳೆಯಿತು ಎಂದು ಹೇಳುವುದು. ನಮ್ಮ ಕೊಪ್ಪದಲ್ಲಿ ಇದನ್ನೆಲ್ಲ ಯಾರಿಗೆ ಅರ್ಥ ಮಾಡಿಸುವುದು? ಕೇಳಿದವರಿಗೆ "ಮಣ್ಣು ಪರೀಕ್ಷೆ" ಎಂದುಬಿಟ್ಟೆ. ತಗೊಳ್ಳಿ, ಅತ್ತಿಗೆ ರಜೆಗೆ ಬಂದ ಮರುದಿನವೇ ಪಕ್ಕದ ಹಳ್ಳಿ ನಾರ್ವೆಯ ಪರಿಚಯದವರೊಬ್ಬರು ತೋಟದ ಮಣ್ಣು ಹಿಡಿದು ಹಾಜರ್!

"ಸ್ವಲ್ಪ ನೋಡಿ ಅಮ್ಮ, ಎಂತ ಗೊಬ್ಬರ ಹಾಕ್ಬೇಕು ಅಂತ."

ಅತ್ತಿಗೆ ಚಿಟಿಕೆ ಮಣ್ಣು ಉಜ್ಜಿ ನೋಡಿ ಮುಖ ಸಪ್ಪಗೆ ಮಾಡಿದರು. "ತುಂಬಾ ಹೊಸದು. ಇನ್ನೊಂದು ಹತ್ತು ಲಕ್ಷ ವರ್ಷ ಬಿಟ್ಟು ತನ್ನಿ."

ನಮ್ಮಮ್ಮನಿಗೆ ಮಾತ್ರ ಅನುಮಾನ. "ನೀರು ಹರಿದು ಹೋಯ್ತು. ಹೆಂಗೆ ಹರೀತು ಅಂತ ಕೆಸರಿಗೆ ಎಂತ ಗೊತ್ತು ಮಾರಾಯ್ತಿ?"

ಕೇಳಬಾರದಿತ್ತು! ಅತ್ತಿಗೆ ರವೆ, ಮೈದಾ ಎರಡನ್ನೂ ಪಾತ್ರೆಯ ನೀರಿಗೆ ಸುರಿದು ಸೌಟಿನಿಂದ ತಿರುವತೊಡಗಿದರು. "ನೋಡಿ ಅತ್ತೆ, ಜೋರಾಗಿ ಹರಿದ್ರೆ ದಪ್ಪ ಕಾಳು ಮಾತ್ರ ತಳಕ್ಕೆ ಕೂರುತ್ತೆ. ನಿಧಾನ ಆದ್ರೆ ಸಣ್ಣದೂ ಕೂರುತ್ತೆ. ಹಿಮದ ಸುದ್ದಿ ಕೆಸರಲ್ಲಿರೋ ಸಣ್ಣ ಸಣ್ಣ ಚಿಪ್ಪು ಹೇಳುತ್ತೆ. ನೀರಲ್ಲೂ ಹಗುರದ್ದು, ಭಾರದ್ದು ಅಂತ ಎರಡಿದೆ. ಹಿಮ ಬೆಳೆದಾಗ ಹಗುರದ ನೀರು ಅದ್ರಲ್ಲಿ ಸೇರಿ, ಸಮುದ್ರದಲ್ಲಿ ಭಾರದ ನೀರಿನ ಪಾಲು ಹೆಚ್ಚುತ್ತೆ. ಅದರ ಗುರುತು ಚಿಪ್ಪಲ್ಲಿ ಉಳಿಯುತ್ತೆ."

ಅಮ್ಮ ಪಾತ್ರೆಯೊಳಗೆ ಇಣುಕಿದಳು. "ಸಮುದ್ರದ್ದೆಲ್ಲ ಗೊತ್ತಾಯ್ತು. ಈಗ ಉಪ್ಪಿಟ್ಟು ಯಾವುದ್ರಲ್ಲಿ ಮಾಡ್ಲಿ?"

ಶೃಂಗೇರಿಗೆ ಹೋದಾಗಲೂ ಅಷ್ಟೇ. ಎಲ್ಲರೂ ತುಂಗೆಯ ಮೀನು ನೋಡುತ್ತ ಮೈಮರೆತಿದ್ದರೆ ಇವರು ಅಷ್ಟು ದೂರದಲ್ಲಿ ದಡದ ಕೆಸರು ಬಗೆಯುತ್ತಿದ್ದರು. ವಾಪಸು ಬರುವಾಗ ಹಸಿದ ಅಣ್ಣ ಬುತ್ತಿ ಡಬ್ಬಿ ತೆರೆದ.

"ಚಿತ್ರಾನ್ನ ಎಲ್ಲೇ?"

"ಮೀನಿಗೆ ಹಾಕಿದೆ. ಆ ಕೆಸರು ಮುಚ್ಚಿಡಿ, ಒಣಗುತ್ತೆ!"

ಈ ಬೇಸಿಗೆಯಲ್ಲಿ ನರಸಿಂಹರಾಜಪುರದಲ್ಲಿ ನಂಟರ ಗೃಹಪ್ರವೇಶ. ಊಟ ಮುಗಿದದ್ದೇ ತಡ, ಅತ್ತಿಗೆ ಕಾರಿನ ಡಿಕ್ಕಿಯಿಂದ ಪ್ಲಾಸ್ಟಿಕ್ ಪೈಪು ಹೊರತೆಗೆದರು. "ಅತ್ತೆ, ನಿಮ್ಮ ತೌರು ಎಲ್ಲಿತ್ತು? ತೋರಿಸಿ."

ಅಮ್ಮ ಸಣ್ಣ ಹುಡುಗಿಯಾಗಿದ್ದಾಗಲೇ ಅವಳ ಊರು ಭದ್ರಾ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತ್ತು. "ಮುಳುಗಿದ್ದನ್ನ ತೋರಿಸೋದು ಎಂತ?" ಎಂದು ಗೊಣಗಿದರೂ ಬಂದಳು. ನೀರು ಹಿಂದೆ ಸರಿದು ಬಯಲಾಗಿತ್ತು. ಎದುರಿನ ಗುಡ್ಡ ನೋಡಿ, "ಇಲ್ಲೇ ಇರ್ಬೇಕು" ಎಂದಳು. ಅತ್ತಿಗೆ ರೇಷ್ಮೆ ಸೀರೆ ಎತ್ತಿ ಕಟ್ಟಿ ಪೈಪು ಹಿಡಿದರು, ಅಣ್ಣ ಸುತ್ತಿಗೆಯಿಂದ ಹೊಡೆದ. ಎಳೆಯುವಾಗ ನಾನೂ ಸೇರಿ ಮೂವರೂ ಒಟ್ಟಿಗೆ ಕೆಸರಿಗೆ ಬಿದ್ದೆವು!

ಪೈಪನ್ನು ಉದ್ದಕ್ಕೆ ಸೀಳಿದಾಗ ಮೇಲೆಲ್ಲ ನುಣ್ಣನೆಯ ಬೂದು ಹೂಳು. ಅದರ ಕೆಳಗೆ, ಗೆರೆ ಎಳೆದಂತೆ, ಕಪ್ಪು ಮಣ್ಣು; ಅದರಲ್ಲಿ ಭತ್ತದ ಕೂಳೆಯ ಬೇರು.

"ಮೇಲಿನದ್ದು ನೀರು ಬಂದ ಮೇಲೆ ಕೂತಿದ್ದು ಅತ್ತೆ," ಎಂದರು ಅತ್ತಿಗೆ ಮೆಲ್ಲಗೆ. "ಈ ಕಪ್ಪು, ನಿಮ್ಮ ಗದ್ದೆ."

ಅಮ್ಮ ಕುಕ್ಕರಿಸಿ ಕೂತು ಬೆರಳಿನಿಂದ ಅದನ್ನು ಮುಟ್ಟಿದಳು.

"ಕಡೇ ಕೊಯ್ಲು ಮುಗ್ಸಿ ಅಪ್ಪಯ್ಯ ಗದ್ದೆಗೆ ಕೈಮುಗಿದು ಬಂದಿದ್ರು..." ಎಂದವಳು ಸೊಸೆಯ ಕೆಸರು ಕೈಯನ್ನು ಹಿಡಿದುಕೊಂಡಳು. "ಇದನ್ನ ನೋಡ್ಲಿಕ್ಕೆ ಅವ್ರು ಇರ್ಬೇಕಿತ್ತು ಮಾರಾಯ್ತಿ."

ಅತ್ತಿಗೆ ಅಮ್ಮನ ಕೈ ಬಿಡದೆ, ರೇಷ್ಮೆ ಸೀರೆಯಲ್ಲೇ ಅವಳ ಪಕ್ಕ ಕೆಸರಲ್ಲಿ ಕುಳಿತುಬಿಟ್ಟರು.