ಮಾರಕ್ಕನ ಕಾರು ಕಾವಲು

ಎಲ್ಲಕ್ಕೂ ಮೂಲ ಒಂದು ರವಿಕೆ. ಕೆ.ಆರ್. ಪುರದಲ್ಲಿ ತಮ್ಮನ ಗೃಹಪ್ರವೇಶವೆಂದು ಹಂಸ ನಸುಕಿಗೇ ಹೋಗಿದ್ದಳು. ಹೋಗಿ ಬ್ಯಾಗು ಬಿಚ್ಚಿದ ಮೇಲೆ, ರೇಷ್ಮೆ ಸೀರೆಯ ರವಿಕೆ ಫ್ರೇಜರ್ ಟೌನಿನ ಟೈಲರ್ ವಾಜಿದಾಳ ಅಂಗಡಿಯಲ್ಲೇ ಉಳಿದಿದೆ ಎಂಬುದು ಹೊಳೆಯಿತು. ಕೂಡಲೇ ಲಿಂಗರಾಜಪುರದ ಮನೆಯಲ್ಲಿದ್ದ ಗಂಡನಿಗೆ ಫೋನ್ ಮಾಡಿದಳು.

"ರೀ, ಹೇಗಿದ್ರೂ ಅತ್ತೇನ ಕರ್ಕೊಂಡ್ ಬರ್ತೀರಲ್ಲ, ದಾರೀಲಿ ರವಿಕೆ ಇಸ್ಕೊಂಡ್ ಬನ್ನಿ. ಪೂರ್ಣಾಹುತಿಗೆ ಮುಂಚೆ ಇಲ್ಲಿರ್ಬೇಕು. ಇಲ್ದಿದ್ರೆ ನಾನು ನೈಟೀಲೇ ನಿಂತ್ಕೋತೀನಿ, ಹೋಗೋದು ನಿಮ್ಮ ಮರ್ಯಾದೆ."

ಕೆಂಪರಾಜ ಹೆಂಡತಿಯ ಮಾತು ಮೀರುವ ಗಂಡಸಲ್ಲ. ಅವನ ಅಪ್ಪ ಮುನಿನಾರಾಯಣಪ್ಪ ಸೊಪ್ಪು ಬೆಳೆಯುತ್ತಿದ್ದ ನೆಲದಲ್ಲಿ ಈಗ ಬಾಡಿಗೆ ಮನೆಗಳು ಬೆಳೆದಿವೆ. ಹಾಗಾಗಿ ಅವನಿಗೆ ಹೊಟ್ಟೆಪಾಡಿನ ಚಿಂತೆಯಿಲ್ಲ, ಲೋಕದ ಚಿಂತೆಯೇ ಎಲ್ಲ. ರಾಂಗ್ ಸೈಡಿನಲ್ಲಿ ಬರುವವರು, ಫುಟ್‌ಪಾತಿನ ಮೇಲೆ ಸ್ಕೂಟರ್ ಓಡಿಸುವವರು, ಮೋರಿಗೆ ಕಸ ಎಸೆಯುವವರು, ಯಾರನ್ನು ಕಂಡರೂ ನಿಲ್ಲಿಸಿ ಬುದ್ಧಿ ಹೇಳುವನು. ಹೇಳುವಾಗ ತನ್ನ ಗಾಡಿ ಎಲ್ಲಿ ನಿಂತಿದೆ ಎಂದು ಮಾತ್ರ ನೋಡುತ್ತಿರಲಿಲ್ಲ.

ಅವತ್ತು ಗಾಡಿ ನಿಂತಿದ್ದು ಸರಿಯಾಗಿ ನೋ ಪಾರ್ಕಿಂಗ್ ಫಲಕದ ಕೆಳಗೆ. ವಾಜಿದಾಳ ಅಂಗಡಿ ತಿರುವು ದಾಟಿ ಅಡ್ಡರಸ್ತೆಯಲ್ಲಿತ್ತು, ಅಲ್ಲಿ ಜಾಗವಿರಲಿಲ್ಲ.

"ಅಮ್ಮ, ನೀನು ಒಳಗೇ ಕೂತಿರು," ಎಂದ ಕೆಂಪರಾಜ. "ಒಳಗೆ ಜನ ಇದ್ರೆ ಟೋಯಿಂಗ್‌ನೋರು ಗಾಡಿ ಮುಟ್ಟಲ್ಲ."

ಹಿಂದಿನ ಸೀಟಿನಲ್ಲಿ ಜರಿ ಸೀರೆಯುಟ್ಟು, ಕತ್ತಿಗೆ ಕಾಸಿನ ಸರ ಹಾಕಿಕೊಂಡು ಕೂತಿದ್ದ ಮಾರಕ್ಕ ಮಗನನ್ನು ಮೇಲಿಂದ ಕೆಳಕ್ಕೆ ನೋಡಿದಳು. ಎಪ್ಪತ್ತು ದಾಟಿದರೂ ನಾಲಿಗೆಯ ಹರಿತ ಕಡಿಮೆಯಾಗಿರಲಿಲ್ಲ.

"ಅಂದ್ರೆ ನಾನು ಹೊಲ್ದಾಗೆ ನಿಲ್ಸೋ ಬೆದರುಬೊಂಬೆ ಅನ್ನು."

"ಎರಡೇ ನಿಮಿಷ ಕಣಮ್ಮ. ಹೋದೆ, ಬಂದೆ."

"ಕಿಟಕಿನಾದ್ರೂ ಇಳಿಸ್ಬುಟ್ಟು ಹೋಗ್ಲಾ, ಬಿಸ್ಲು ಉರೀತದೆ."

"ಕತ್ತಲ್ಲಿ ಅಷ್ಟು ಚಿನ್ನ ಇಟ್ಕೊಂಡು ಕಿಟಕಿ ಇಳಿಸ್ಬೇಕಾ? ಯಾವನಾದ್ರೂ ಸರ ಕಿತ್ಕೊಂಡು ಓಡಿದ್ರೆ?"

ಗಾಜು ಏರಿತು, ಎ.ಸಿ. ನಿಂತಿತು, ಬಾಗಿಲು ಒಳಗಿಂದಲೂ ತೆರೆಯದಂತೆ ಕುಂಯ್ ಎಂದು ಲಾಕ್ ಆಯಿತು. ಸರ ಭದ್ರವಾಯಿತು. ಸರ ಹಾಕಿಕೊಂಡವಳು ಏನಾಗುತ್ತಾಳೆಂದು ಆ ಮಹಾನುಭಾವ ಯೋಚಿಸಲಿಲ್ಲ. ಈ ಊರಿನಲ್ಲಿ ಕಾರು ಕೊಂಡವರೆಲ್ಲ ಬೇಗ ಕಲಿಯುವ ವಿದ್ಯೆ ಇದು. ಮನೆಯಲ್ಲಿ ಅಜ್ಜಿಯೋ ಮಗುವೋ ಇದ್ದರೆ ಸಾಕು, ಪಾರ್ಕಿಂಗಿನ ತಲೆನೋವಿಲ್ಲ.

ವಾಜಿದಾ ರವಿಕೆಯನ್ನು ಎತ್ತಿ ತೋರಿಸಿದಳು. "ಆಗೋಯ್ತು ಭಾಯ್, ಖಾಲಿ ಹುಕ್ ಬಾಕಿ. ಕೂತ್ಕೊಳ್ಳಿ."

"ನಿನ್ನೇನೇ ರೆಡಿ ಅಂದಿದ್ರಲ್ಲ?"

"ನಿನ್ನೆ ರೆಡೀನೇ ಇತ್ತು ಭಾಯ್, ಹುಕ್ ಇರ್ಲಿಲ್ಲ."

ಹುಕ್ಕಿಗೆ ಕಾಯುತ್ತಾ ಕೆಂಪರಾಜ ಬಾಗಿಲ ಬಳಿ ನಿಂತ. ಅಂಗಡಿಯೆದುರಿಗೆ ಒಂದು ಬಿಳಿ ಕಾರು ನಿಂತಿತ್ತು. ಬೇಸಗೆಯ ಬಿಸಿಲು ಅದರ ತಲೆಯ ಮೇಲೆ ನೇರವಾಗಿ ಬಿದ್ದಿತ್ತು. ಸುಮ್ಮನೆ ಒಳಗೆ ಇಣುಕಿದ. ಹಿಂದಿನ ಸೀಟಿನಲ್ಲಿ, ಪಟ್ಟಿ ಬಿಗಿದ ಪುಟ್ಟ ಕುರ್ಚಿಯಲ್ಲಿ, ಮೂರು ವರ್ಷದ ಗಂಡುಮಗು ಕತ್ತು ವಾಲಿಸಿಕೊಂಡು ಮಲಗಿತ್ತು. ಕೂದಲು ಬೆವರಿನಲ್ಲಿ ತೊಯ್ದು ಹಣೆಗೆ ಅಂಟಿತ್ತು. ಕೆನ್ನೆ ಕೆಂಪಗೆ ಬೆಂದಂತಿತ್ತು.

ಕೆಂಪರಾಜ ಗಾಜು ಬಡಿದ. ಮಗು ಅಲುಗಲಿಲ್ಲ.

"ಯಾರ್ರೀ ಇದು! ಯಾರ ಗಾಡಿ!" ಎಂದು ಅವನು ಕೂಗಿದ ಕೂಗಿಗೆ ವಾಜಿದಾ ಸೂಜಿ ಬಿಟ್ಟು ಓಡಿಬಂದಳು. ಎದುರು ಮನೆಯ ಶಿವಪುತ್ರನೂ ಗೇಟು ತೆರೆದು ಬಂದ. ವಿಜಯಪುರದ ಕಡೆಯವನು, ಮನೆಯಿಂದಲೇ ಆಫೀಸು ಮಾಡುವವನು, ಬೀದಿಯಲ್ಲಿ ಗಲಾಟೆಯಾದರೆ ಮೀಟಿಂಗನ್ನು ಮ್ಯೂಟ್ ಮಾಡಿ ಮೊದಲು ಇಳಿದು ಬರುವವನು.

"ಯಾ ಅಲ್ಲಾ, ಬಚ್ಚಾ ಒಳಗಿದೆ!"

"ತಡೀರಿ, ತಡೀರಿ," ಎಂದ ಶಿವಪುತ್ರ. "ಮಂದಿ ಗಾಡಿ ಅದ. ಮೊದಲ ಏರಿಯಾ ಗ್ರೂಪಿನ್ಯಾಗ ನಂಬರ್ ಹಾಕೂಣು. ಓನರ್ ಯಾರಂತ ಗೊತ್ತಾಗ್ಲಿ."

"ನೀವು ಗ್ರೂಪಲ್ಲಿ ಗುಡ್ ಮಾರ್ನಿಂಗ್‌ಗಳ ಮಧ್ಯೆ ಹಾಕಿ, ಅಷ್ಟೊತ್ತಿಗೆ ಮಗು ಬೆಂದ್ಹೋಗಿರುತ್ತೆ! ಕಲ್ಲು ಕೊಡ್ರೀ ಯಾರಾದ್ರೂ!"

ಫ್ರೇಜರ್ ಟೌನಿನ ಆ ರಸ್ತೆಯಲ್ಲಿ, ಹುಡುಕಿದರೆ ಗುಂಡಿಗಳು ಸಿಕ್ಕಾವು, ಕಲ್ಲು ಸಿಗಲಿಲ್ಲ. ವಾಜಿದಾ ಒಳಗೆ ಓಡಿ ಇದ್ದಿಲು ಹಾಕುವ ಹಳೇ ಇಸ್ತ್ರಿಪೆಟ್ಟಿಗೆ ಹೊತ್ತು ತಂದಳು. ಕೆಂಪರಾಜ ಅದನ್ನೆತ್ತಿ ಮಗುವಿಂದ ದೂರದ ಮುಂದಿನ ಕಿಟಕಿಗೆ ಬೀಸಿದ. ಗಾಜು ಜಗ್ಗಲಿಲ್ಲ. ಪೆಟ್ಟಿಗೆ ಪುಟಿದು ಅವನ ಕಾಲ ಹೆಬ್ಬೆರಳ ಮೇಲೆ ಬಿತ್ತು. ಅವನು ಒಂಟಿಕಾಲಲ್ಲಿ ಕುಣಿದ. ಸಿಟ್ಟು ನೋವು ಎರಡೂ ಕೂಡಿ ಎರಡನೇ ಏಟು ಸರಿಯಾಗಿ ಬಿತ್ತು, ಗಾಜು ಪುಡಿಯಾಯಿತು, ಕಾರು ಕೊಂಯ್ಯೋ ಎಂದು ಬಾಯಿ ಬಡಿದುಕೊಳ್ಳತೊಡಗಿತು. ಮಗು ಕಣ್ಣು ಬಿಟ್ಟು, ಕೆಂಪರಾಜನ ಮೀಸೆ ನೋಡಿ ಚೀರಿತು.

ಆ ಚೀರಾಟ ಕೇಳಿ ಅವನಿಗೆ ಹೋದ ಜೀವ ಬಂದಂತಾಯಿತು. ವಾಜಿದಾ ಮಗುವನ್ನು ಎತ್ತಿಕೊಂಡು ಫ್ಯಾನಿನ ಕೆಳಗೆ ಕೂತು, ಒದ್ದೆ ಬಟ್ಟೆಯಿಂದ ಮುಖ ಒರೆಸಿ, ಗುಟುಕು ಗುಟುಕಾಗಿ ನೀರು ಕುಡಿಸಿದಳು.

"ನಿನ್ ಹೆಸ್ರೇನೋ ಬೇಟಾ?"

"ದೀಪು."

"ಅಮ್ಮ ಎಲ್ಲಿ ದೀಪು?"

"ಅಮ್ಮ ಎಯಡು ನಿಮಿಸ ಅಂದ್ಳು," ಎಂದು ಮಗು ಮತ್ತೆ ಅಳತೊಡಗಿತು.

"ಎರಡು ನಿಮಿಷವಂತೆ!" ಕೆಂಪರಾಜ ಸಿಡಿದೆದ್ದ. "ಕೇಳಿದ್ರಾ? ಎರಡು ನಿಮಿಷ!" ಅಷ್ಟರಲ್ಲಿ ಸಣ್ಣ ಸಂತೆಯಷ್ಟು ಜನ ಸೇರಿದ್ದರು. ಶಿವಪುತ್ರ ಮೊಬೈಲು ಎತ್ತಿ ಹಿಡಿದು, "ಹೇಳ್ರಿ ಸರ, ರೆಕಾರ್ಡ್ ಆಗಾಕತ್ತದ," ಎಂದ. ಇಷ್ಟು ಸಾಕಿತ್ತು. ಇಸ್ತ್ರಿಪೆಟ್ಟಿಗೆ ಕಂಕುಳಲ್ಲಿಟ್ಟು ಕೆಂಪರಾಜ ಲೋಕಕ್ಕೆ ಬುದ್ಧಿ ಹೇಳಿದ.

"ಅಲ್ಲಾ ಸ್ವಾಮಿ, ಕಾರಲ್ಲಿ ಪರ್ಸ್ ಬಿಟ್ಟು ಹೋಗ್ತೀರಾ? ಲ್ಯಾಪ್‌ಟಾಪ್ ಬಿಟ್ಟು ಹೋಗ್ತೀರಾ? ಇಲ್ಲ! ಕಳ್ಳರು ಬರ್ತಾರೆ ಅಂತ ಎದೆಗವಚ್ಕೊಂಡು ಇಳೀತೀರಿ. ಹೆತ್ತ ಮಗೂನ ಮಾತ್ರ ಬಿಟ್ಟು ಹೋಗ್ತೀರಿ! ಮುಚ್ಚಿದ ಕಾರು ಬಿಸಿಲಲ್ಲಿ ಇಡ್ಲಿ ಪಾತ್ರೆ ಆಗುತ್ತೆ ಅಂತ ಗೊತ್ತಿಲ್ವಾ? ಅನ್ನ ತಿನ್ನಲ್ವಾ ನೀವು? ಇಂಥೋರ್ಗೆ ಲೈಸೆನ್ಸ್ ಕೊಟ್ಟಿದ್ಯಾರು? ಮೊದಲು ಇವ್ರನ್ನ ಒಳಗೆ ಕೂರ್ಸಿ ಗಾಜು ಏರಿಸ್ಬೇಕು!"

ಜನ ಚಪ್ಪಾಳೆ ತಟ್ಟಿದರು. ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ, ಅದೇ ದುಃಖ. ಶಿವಪುತ್ರ ವಿಡಿಯೋವನ್ನು ಅಲ್ಲೇ ಗ್ರೂಪಿಗೆ ಬಿಟ್ಟ. ಆಗ ಕೆಂಪರಾಜನ ಫೋನು ಬಡಿದುಕೊಂಡಿತು. ಹಂಸ.

"ರೀ, ಎಲ್ಲಿದೀರಿ?"

"ಬಂದೆ ಕಣೆ. ಇಲ್ಲೊಂದು ದೊಡ್ಡ ವಿಷ್ಯ ಆಯ್ತು, ಒಂದು ಜೀವ ಉಳಿಸಿದೆ."

"ಆಮೇಲೆ ಹೇಳೋರಂತೆ. ಅತ್ತೆ ಬಿ.ಪಿ. ಮಾತ್ರೆ ತಗೊಂಡ್ರಾ? ಫೋನ್ ಕೊಡಿ ಅವ್ರಿಗೆ."

"ಕೊಡ್ತೀನಿ ಇರು," ಎಂದು ಕೆಂಪರಾಜ ಫೋನನ್ನು ಪಕ್ಕಕ್ಕೆ ಚಾಚಿದ. ಪಕ್ಕದಲ್ಲಿ ಅಮ್ಮ ಇರಲಿಲ್ಲ.

"ಅಮ್ಮಾ!" ಎಂದವನೇ ಓಡಿದ, ಹೆಬ್ಬೆರಳ ನೋವೂ ನೆನಪಿಲ್ಲ, ಕಂಕುಳಲ್ಲಿದ್ದ ಇಸ್ತ್ರಿಪೆಟ್ಟಿಗೆಯೂ ನೆನಪಿಲ್ಲ. ಮಗುವಿನ ತಾಯಿಯನ್ನು ಹಿಡಿಯಲು ಓಡಿದನೆಂದುಕೊಂಡು ಶಿವಪುತ್ರ ಮತ್ತು ಅರ್ಧ ಜನ ಅವನ ಹಿಂದೆ ಓಡಿದರು. ಎಷ್ಟು ಹೊತ್ತಾಗಿರಬಹುದು? ಹುಕ್ಕು, ಗಾಜು, ಭಾಷಣ... ತಿರುವಿನವರೆಗೂ ಅವನು ಮುನೇಶ್ವರನಿಂದ ಹಿಡಿದು ಮೇರಿಯಮ್ಮನವರೆಗೆ ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತ.

ತಿರುವು ದಾಟಿದರೆ ಅವನ ಕಾರಿನ ಸುತ್ತ ಜನ. ಮುಂದಿನ ಕಿಟಕಿಯ ಗಾಜು ಪುಡಿಯಾಗಿತ್ತು. ಪಕ್ಕದ ಮರದ ನೆರಳಲ್ಲಿ, ಎಳನೀರು ಮಾರುವ ರಾಮಲಕ್ಷ್ಮಮ್ಮನ ಸ್ಟೂಲಿನ ಮೇಲೆ ಮಾರಕ್ಕ ಕೂತಿದ್ದಳು. ಜರಿ ಸೀರೆ ಬೆವರಿಗೆ ಮೈಗಂಟಿತ್ತು, ಮುಖ ಬಾಡಿತ್ತು, ಕೈಯಲ್ಲಿ ಎಳನೀರಿತ್ತು. ಕೆಂಪರಾಜ ಅಮ್ಮನ ಕಾಲ ಬಳಿ ಕುಸಿದು ಕೂತು ಮಗುವಿನ ಹಾಗೆ ಅತ್ತುಬಿಟ್ಟ. ಮಾರಕ್ಕ ಅವನತ್ತ ನೋಡಲಿಲ್ಲ, ಸ್ಟ್ರಾ ಕಚ್ಚಿಕೊಂಡು ಕುಡಿಯುತ್ತಲೇ ಇದ್ದಳು.

"ಕಣ್ಣು ಮೇಲಕ್ಕೆ ಹೋಗ್ಬಿಟ್ಟಿತ್ತಪ್ಪ," ಎಂದಳು ರಾಮಲಕ್ಷ್ಮಮ್ಮ. "ಇನ್ನೊಂದು ಗಳಿಗೆ ಆಗಿದ್ರೆ ಹೇಳೋ ಹಂಗಿರ್ಲಿಲ್ಲ. ಈ ಯಮ್ಮ ನೋಡಿದ್ರು. ನನ್ ಮಚ್ಚಿನ ಹಿಂದ್ಗಡೆಯಿಂದ ಒಂದೇ ಏಟು, ಗಾಜು ಚೂರು."

ಆ ಯಮ್ಮ ಎಂದರೆ ಜೀನ್ಸು ಕುರ್ತಾ ತೊಟ್ಟ, ಕತ್ತಿನಲ್ಲಿ ಆಫೀಸಿನ ಗುರುತುಪಟ್ಟಿ ಜೋತಾಡುವ ಒಬ್ಬ ಹೆಂಗಸು. ಯಾರೋ ಮೊಬೈಲು ಹಿಡಿದಿದ್ದರು, ಅವಳು ಅದಕ್ಕೆ ಮುಖ ಕೊಟ್ಟು ಉರಿಯುತ್ತಿದ್ದಳು. ಕೆಂಪರಾಜನನ್ನು ಕಂಡದ್ದೇ ಇತ್ತ ತಿರುಗಿದಳು.

"ನೀವೇನಾ ಮಗ? ನಾಚ್ಕೆ ಆಗಲ್ವೇನ್ರೀ? ನಾನು ಮೆಡಿಕಲ್ ಶಾಪಿಗೆ ಅಂತ ಬಂದೋಳು, ಈ ಅಜ್ಜಿನ ನೋಡಿ ಕೈಕಾಲು ತಣ್ಣಗಾಗೋಯ್ತು! ಗಾಡಿ ಟೋ ಆಗ್ಬಾರ್ದು ಅಂತ ಹೆತ್ತ ತಾಯಿನ ಒಳಗಿಟ್ಟು ಲಾಕ್ ಮಾಡ್ತೀರಾ? ಗಾಡಿ ಮುಖ್ಯಾನಾ, ತಾಯಿ ಮುಖ್ಯಾನಾ? ಕೇಳಿದ್ರೆ ಎರಡು ನಿಮಿಷ ಅಂತೀರಿ! ನಿಮ್ಮಂಥೋರ್ನ ಒಳಗೆ ಕೂರ್ಸಿ ಗಾಜು ಏರಿಸ್ಬೇಕು!"

ಈ ಮಾತನ್ನು ಎಲ್ಲೋ ಕೇಳಿದ ಹಾಗಿದೆ ಎನ್ನಿಸಿತು ಕೆಂಪರಾಜನಿಗೆ. ತಲೆ ತಗ್ಗಿಸಿ ಎದ್ದು ನಿಂತ. ಶಿವಪುತ್ರ ಏದುಸಿರು ಬಿಡುತ್ತಾ ಮುಂದೆ ಬಂದ.

"ಅದೆಲ್ಲ ಇರ್ಲಿ ಮೇಡಂ. ಅಲ್ಲಿ ಟೈಲರ್ ಅಂಗಡಿ ಮುಂದ ಒಂದ್ ಬಿಳಿ ಕಾರ್ ನಿಂತದ. ಅದರ ಒಳಗ ಒಂದು ಸಣ್ಣ ಕೂಸು ಇತ್ತು. ಅದರ ತಾಯಿ ಯಾರಂತ ಏನರ ಗೊತ್ತೇನ್ರಿ?"

ಅವಳ ಕೈಯಿಂದ ಔಷಧದ ಪೊಟ್ಟಣ ಬಿತ್ತು.

"ದೀಪು!" ಎಂದಳು. "ನಿದ್ದೆ ಬಂದಿತ್ತು... ಎಬ್ಬಿಸೋದು ಬೇಡ ಅಂತ... ನಾನು ಎರಡೇ..." ಎನ್ನುತ್ತಲೇ ಓಡಿದಳು.

ಕೆಂಪರಾಜನ ಸೊಂಟ ನೆಟ್ಟಗಾಯಿತು. ಓಹೋ, ಇವಳಾ! ಇವಳು ನನಗೆ ಬುದ್ಧಿ ಹೇಳಿದ್ದಾ! ತಗ್ಗಿದ ತಲೆ ಎತ್ತಿ ಅವನೂ ಓಡಿದ, ಬಡ್ಡಿ ಸಮೇತ ತೀರಿಸಬೇಕೆಂದು. ಜನಕ್ಕೆ ಇಂಥ ಅದೃಷ್ಟ ದಿನಾ ಸಿಗುವುದೇ? ಅವರೂ ಓಡಿದರು.

ವಾಜಿದಾಳ ಅಂಗಡಿಯ ಮೆಟ್ಟಿಲ ಮೇಲೆ ಅವಳು ಮಗುವನ್ನು ಎದೆಗವಚಿಕೊಂಡು ಬಿಕ್ಕುತ್ತಿದ್ದಳು. ಮಗು ಅವಳ ಕಣ್ಣೀರು ಒರೆಸುತ್ತಿತ್ತು. ಕೆಂಪರಾಜ ಎದುರಿಗೆ ನಿಂತು ಬಾಯಿ ತೆರೆದ. ಪರ್ಸಿನ ಮಾತು, ಲ್ಯಾಪ್‌ಟಾಪಿನ ಮಾತು, ಇಡ್ಲಿ ಪಾತ್ರೆಯ ಮಾತು, ಎಲ್ಲ ಗಂಟಲವರೆಗೆ ಬಂದು ಅಲ್ಲೇ ನಿಂತವು.

"ನನ್ ಹೆಸ್ರು ರಶ್ಮಿ," ಎಂದಳು ಅವಳು ತಲೆಯೆತ್ತದೆ. "ಗಾಜು ಒಡೆದಿದ್ದು ನೀವಾ?"

"ಹೂಂ. ನಮ್ದು ನೀವಾ?"

"ಹೂಂ."

ಭಾಷಣಕ್ಕೆ ಕಾದಿದ್ದ ಜನ ಬೇಸರದಿಂದ ಕರಗಿದರು. ವಾಜಿದಾ ಇಸ್ತ್ರಿಪೆಟ್ಟಿಗೆ ಕಿತ್ತುಕೊಂಡು ರವಿಕೆಯನ್ನು ಅವನ ಕೈಗಿತ್ತಳು. ಈಗ ಹುಕ್ಕಿತ್ತು.

ಕೆಂಪರಾಜ ಕುಂಟುತ್ತಾ ಅಮ್ಮನ ಬಳಿಗೆ ಬಂದ. ಅಮ್ಮ ಸ್ಟೂಲಿನ ಮೇಲೇ ಇದ್ದಳು. ಕಾರು ಇರಲಿಲ್ಲ. ದೂರದಲ್ಲಿ ಟೋಯಿಂಗ್ ಲಾರಿಯೊಂದು ಅದರ ಮೂತಿ ಎತ್ತಿ ಎಳೆದುಕೊಂಡು ಸಿಗ್ನಲ್ ದಾಟುತ್ತಿತ್ತು.

"ಕೇಳ್ದೆ ಕಣಪ್ಪ," ಎಂದಳು ರಾಮಲಕ್ಷ್ಮಮ್ಮ. "ಒಳಗೆ ಜನ ಇದ್ದಿದ್ರೆ ಮುಟ್ತಿರ್ಲಿಲ್ವಂತೆ. ಖಾಲಿ ಇತ್ತು, ಎತ್ಕೊಂಡೋದ್ರು."

ಅಷ್ಟರಲ್ಲಿ ಮತ್ತೆ ಹಂಸ. ಅವಳ ದನಿ ಫೋನು ಒಡೆದುಕೊಂಡು ಹೊರಗೆ ಕೇಳಿಸುತ್ತಿತ್ತು.

"ರೀ! ನಿಮ್ಮ ವಿಡಿಯೋ ಇಲ್ಲಿಗೂ ಬಂತು! ಏನ್ ಮಾತಾಡಿದೀರಿ! ಇಲ್ಲಿ ಎಲ್ರಿಗೂ ತೋರಿಸ್ತಿದೀನಿ, ಪುರೋಹಿತರು ಮಂತ್ರ ನಿಲ್ಸಿ ನೋಡಿದ್ರು. ಇಂಥ ಗಂಡನ್ನ ಪಡ್ಯೋಕೆ ಪುಣ್ಯ ಮಾಡಿದ್ದೀಯ ಅಂತ ನಮ್ಮಮ್ಮ ಅತ್ತೇಬಿಟ್ರು. ಇವಾಗಾದ್ರೂ ಅತ್ತೆಗೆ ಕೊಡಿ ಫೋನು, ಮಗನ ಬಗ್ಗೆ ಅವ್ರೂ ಎರಡು ಮಾತು ಹೇಳ್ಲಿ."

ಬೇಡ ಎನ್ನುವಷ್ಟರಲ್ಲಿ ಮಾರಕ್ಕ ಫೋನು ಕಿತ್ತುಕೊಂಡಳು. ಖಾಲಿ ಎಳನೀರು ಬುರುಡೆಯನ್ನು ಮಗನ ಕೈಗಿಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಹಂಸ, ಅದನ್ನ ಅತ್ಲಾಗಿಡು ಮಗ. ಇನ್ನೊಂದು ಬರ್ತದೆ, ಎಲ್ರಿಗೂ ಅದನ್ನ ತೋರ್ಸು. ಅದ್ರಾಗೆ ನಾನಿದೀನಿ."