ರಾಣಿಯ ಸ್ನಾನಪೀಠವಾದ ನಮ್ಮಮ್ಮನ ಒಗೆಯುವ ಕಲ್ಲು

ಮಂಗಳೂರು, ಜನವರಿ ೧೯೩೭

'ಸರೋವರ ನಗರಿ ದರ್ಶನ'ದ ಸ್ಥಾಪಕರೂ ಮಾರ್ಗದರ್ಶಕರೂ ಏಕಮಾತ್ರ ನೌಕರರೂ ಆದ ಶ್ರೀಮಾನ್ ತಾರಾನಾಥರ ಸನ್ನಿಧಾನಕ್ಕೆ,

ಮಾನ್ಯರೇ,

ಕೆರೆಯ ಬಡಗು ದಡದ ನಿವಾಸಿಯೂ ಕಚೇರಿಯೊಂದರ ಗುಮಾಸ್ತನೂ ಆದ ಲೋಕಯ್ಯನೆಂಬ ನಾನು ತಮ್ಮ ಕೊಡೆಗೂ ಬೆತ್ತಕ್ಕೂ ಗಂಟಲಿಗೂ ಬೇರೆ ಬೇರೆಯಾಗಿ ವಂದಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ಪಡುವಣಕ್ಕೆ ಸಮುದ್ರವನ್ನೂ ಎರಡು ನದಿಗಳನ್ನೂ ಇಟ್ಟುಕೊಂಡ ಈ ಊರು ನಿಜವಾಗಿ ಸರೋವರ ನಗರಿಯೆಂಬುದನ್ನು ಕಂಡುಹಿಡಿದವರು ತಾವೇ. ಸಮುದ್ರವನ್ನು ಯಾರಾದರೂ ಪುಕ್ಕಟೆ ನೋಡಿಯಾರು, ಕೆರೆಗಾದರೆ ದಾರಿ ತೋರಿಸುವವನೊಬ್ಬ ಬೇಕು ಎಂಬ ತಮ್ಮ ಯೋಚನೆಗೆ ತಲೆದೂಗದವನು ಮೂರ್ಖ. ಪ್ರತಿ ಶನಿವಾರ ಮದ್ರಾಸಿನ ರೈಲಿನಿಂದ ಇಳಿದ ಹತ್ತು ಹನ್ನೆರಡು ಮಂದಿಯನ್ನು ಹಿಂದಿಟ್ಟುಕೊಂಡು ಬಂದು, ತಾವು ನಮ್ಮ ಕೆರೆಯ ಕೆಸರನ್ನು 'ಪ್ರಾಚೀನ ಕೆಸರು' ಎನ್ನುವುದನ್ನು ನಾನು ಸ್ವಂತ ಕಿವಿಯಿಂದ ಕೇಳಿದ್ದೇನೆ. ನೀರಿನಿಂದ ಎದ್ದು ಬಂದ ಎಮ್ಮೆಯ ವಂಶಾವಳಿಯನ್ನು ಹೇಳದೆ ಬಿಟ್ಟದ್ದು ತಮ್ಮ ಸಂಯಮಕ್ಕೆ ಸಾಕ್ಷಿ.

ಇಷ್ಟಕ್ಕೇ ನಿಂತಿದ್ದರೆ ನಾನು ಮಸಿ ಖರ್ಚು ಮಾಡುತ್ತಿರಲಿಲ್ಲ. ಆದರೆ ಮೆಟ್ಟಿಲ ಬುಡದಲ್ಲಿರುವ ಕರಿಕಲ್ಲಿನ ಸುತ್ತ ತಾವು ನಾಲ್ಕು ಗೂಟ ಹೊಡೆದು, ತೆಂಗಿನ ಹಗ್ಗ ಬಿಗಿದು, 'ರಾಣಿಯ ಸ್ನಾನಪೀಠ, ಮುಟ್ಟಬಾರದು' ಎಂಬ ಹಲಗೆ ತೂಗುಹಾಕಿದ್ದೀರಿ. ಆ ಕಲ್ಲನ್ನು ನನ್ನ ತಂದೆ ಮುದ್ದು ಎಂಬವರು, ಮದುವೆಯಾದ ವರ್ಷ ವಾಮಂಜೂರಿನಿಂದ ಎತ್ತಿನ ಗಾಡಿಯಲ್ಲಿ ತಂದು, ಹೆಂಡತಿಗೆ ಬಟ್ಟೆ ಒಗೆಯಲೆಂದು ಹಾಕಿಸಿದರು. ಚಿನ್ನ ಮಾಡಿಸುವ ಶಕ್ತಿ ಅವರಿಗಿರಲಿಲ್ಲ, ಕಲ್ಲು ತರುವ ಶಕ್ತಿ ಇತ್ತು. ರಾಣಿಯು ಕುಳಿತು ಕುಳಿತು ಸವೆದದ್ದೆಂದು ತಾವು ಬೆತ್ತದಿಂದ ತೋರಿಸುವ ತಗ್ಗು, ನನ್ನ ತಾಯಿ ಬಾಗಿ ನಲವತ್ತು ವರ್ಷ ನಮ್ಮ ಬಟ್ಟೆಗಳನ್ನು ಕುಕ್ಕಿ ಮಾಡಿದ್ದು. ತಂದೆಯವರ ಕಡೆಯ ಕಾಯಿಲೆಯ ಹಾಸುಬಟ್ಟೆಯನ್ನೂ ಆಕೆ ಅಲ್ಲೇ ಒಗೆದಳು.

ಕಳೆದ ಶನಿವಾರ ಆಕೆ ಎಂದಿನಂತೆ ಅಲ್ಲಿದ್ದಾಗ ತಾವು ಹತ್ತು ಜನರ ಎದುರಿಗೆ, "ಏಳಜ್ಜಿ, ಅದು ರಾಣಿಯ ಕಲ್ಲು, ನಿನಗೆಂತ ಕೆಲಸ ಅಲ್ಲಿ?" ಎಂದಿರಂತೆ. ಊರಿಗೆ ಬಂದವರ ಎದುರು ಜಗಳ ಬೇಡವೆಂದು ಆಕೆ ಎದ್ದಳು. ಈಗ ಅರುವತ್ತರ ಮೊಣಕಾಲು ಹಿಡಿದುಕೊಂಡು, ಗಂಟು ಹೊತ್ತು, ಗುಡ್ಡ ಹತ್ತಿ ನೆರೆಯ ಆನಿಬಾಯಿಯವರ ಬಾವಿಕಟ್ಟೆಗೆ ಹೋಗುತ್ತಾಳೆ. ಅದನ್ನು ನೋಡಿದಾಗ ನನ್ನ ಹೊಟ್ಟೆ ಉರಿಯುತ್ತದೆ.

ಉರಿಯುವುದಕ್ಕೆ ಇನ್ನೊಂದು ಕಾರಣವೂ ಉಂಟು. ಈ ರಾಣಿಯನ್ನು ಹುಟ್ಟಿಸಿದವನು ನಾನೇ. ಹೋದ ದೀಪಾವಳಿಯಲ್ಲಿ ತಾವು ಬಂದು ನಮ್ಮ ಕೆರೆಯನ್ನು ಹೊಂಡವೆಂದಾಗ, ಮಾನ ಉಳಿಸಿಕೊಳ್ಳಲು, ಇಲ್ಲಿ ಹಿಂದೆ ರಾಣಿಯೊಬ್ಬಳು ಮೀಯುತ್ತಿದ್ದಳೆಂದು ಹೇಳಿಬಿಟ್ಟೆ. ಯಾವ ರಾಣಿ ಎಂದು ಸಹ ಕೇಳದೆ ತಾವು ಬರೆದುಕೊಂಡಿರಿ, ತರುವಾಯ ಅವಳಿಗೆ ಹೆಸರು, ತವರು, ಸತ್ತ ಕಾರಣ ಎಲ್ಲವನ್ನೂ ಒದಗಿಸಿದಿರಿ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಮಾಡಿದವನು ನಾನು, ಉಣ್ಣುತ್ತಿರುವವಳು ಅಮ್ಮ.

ಆದಕಾರಣ ಪ್ರಾರ್ಥನೆ: ರಾಣಿಯನ್ನು ದಯವಿಟ್ಟು ಎದುರು ದಡಕ್ಕೆ ವರ್ಗಾಯಿಸಿ. ಅಲ್ಲಿ ಹೊನ್ನೆಮರದ ನೆರಳಿದೆ, ಬಟ್ಟೆ ಒಗೆಯುವವರಿಲ್ಲ. ವರ್ಗಾವಣೆಯ ಆಜ್ಞೆಯನ್ನು ಗುಮಾಸ್ತನಾದ ನಾನೇ ಬರೆದುಕೊಡುತ್ತೇನೆ. ಅದಾಗದಿದ್ದರೆ, ತಗ್ಗು ಮಾಡಿದವಳೇ ರಾಣಿಯೆಂಬ ತಮ್ಮ ಶಾಸ್ತ್ರದಂತೆ ಮುಂದಿನ ತಂಡವನ್ನು ನಮ್ಮ ಅಂಗಳಕ್ಕೆ ಕರೆತಂದು ಕೈಮುಗಿಸಿ. ತೆಂಗಿನಕಾಯಿ ತುರಿದು ಮುಗಿದ ಬಳಿಕ ಮಹಾರಾಣಿಯವರು ದರ್ಶನ ಕೊಡುತ್ತಾರೆ.

ತಮ್ಮ ಇತಿಹಾಸವನ್ನು ಬಿಟ್ಟು ಉಳಿದೆಲ್ಲದರಲ್ಲಿ ತಮ್ಮ ವಿಶ್ವಾಸಿ,
ಲೋಕಯ್ಯ

ತಾ.ಕ.: ಈ ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. ರಾಣಿಯ ಮೇಲೆ ಆಕೆಗೆ ಸಿಟ್ಟಿಲ್ಲ. ಬರುವ ಶನಿವಾರ ಹಗ್ಗ ದಾಟಿ ಕುಳಿತು, ನನ್ನ ನಾಲ್ಕು ಅಂಗಿ ಕುಕ್ಕುತ್ತಾ, ಮದ್ರಾಸಿನವರ ಎದುರಿಗೇ ತಮ್ಮಲ್ಲಿ ಒಂದು ಸಂಶಯ ಕೇಳುತ್ತಾಳಂತೆ. ಉತ್ತರ ಸಿದ್ಧಪಡಿಸಿಕೊಳ್ಳಲು ಅನುಕೂಲವಾಗಲೆಂದು ಮೊದಲೇ ತಿಳಿಸುತ್ತಿದ್ದೇನೆ: "ರಾಣಿ ಮಿಂದು ಹೋದ ಮೇಲೆ ಅವಳ ಒದ್ದೆ ಚಂಡಿ ಸೀರೆ ಒಗೆದದ್ದು ಯಾರು, ಮತ್ತೆ ಯಾವ ಕಲ್ಲಿನ ಮೇಲೆ?"