ಬಚ್ಚಲ ಬಾಗಿಲಿನ ಸುತ್ತೋಲೆ

ಮದುವೆಯಾಗಿ ಹತ್ತೊಂಬತ್ತು ವರ್ಷಗಳಲ್ಲಿ ನನ್ನ ಹೆಂಡತಿ ನನಗೊಂದು ಚೀಟಿ ಬರೆದವಳಲ್ಲ. ಹೇಳಬೇಕಾದ್ದನ್ನೆಲ್ಲ ಬಾಯಲ್ಲೇ ಹೇಳಿ, ಪಕ್ಕದ ಮನೆಯವರಿಗೂ ಕೇಳಿಸಿ, ಕಾಗದ ಉಳಿಸಿದವಳು. ಅಂಥವಳು ಘನ ಸರ್ಕಾರಕ್ಕೆ ಎರಡು ಪುಟದ ಪತ್ರ ಬರೆದಳು. ಅದಕ್ಕೆ ಉತ್ತರ ಕೊಟ್ಟವನು ನಾನು. ನನ್ನ ಗ್ರಹಚಾರ ಕೆಟ್ಟದ್ದು ಅಲ್ಲಿಂದ.

ನಾನು ಅಹವಾಲು ವಿಭಾಗದ ಗುಮಾಸ್ತ. ನಮ್ಮೂರಿನ ಹಳೆಯ ಗೋದಾಮಿನಲ್ಲಿ ಗಡಿಯಾಚೆಯಿಂದ ವಲಸೆ ಬಂದ ನೂರಿಪ್ಪತ್ತು ಜನರನ್ನು ಇರಿಸಿದ್ದಾರೆ. ಅವರನ್ನು ಮನುಷ್ಯರ ಹಾಗೆ ನೋಡಿಕೊಳ್ಳುತ್ತಿಲ್ಲವೆಂದು ನಾಗರಿಕರು ನಮಗೆ ಬರೆಯುತ್ತಾರೆ. ಬರೆದವರು ಯಾರೇ ಆಗಲಿ, ನನ್ನ ಉತ್ತರ ಒಂದೇ: “ತಮ್ಮ ಪತ್ರವನ್ನು ಸ್ವೀಕರಿಸಲಾಗಿದೆ. ತಮ್ಮ ಕಳಕಳಿಯನ್ನು ಗಮನಿಸಲಾಗಿದೆ. ಮಾನವ ಹಕ್ಕುಗಳ ಬಗ್ಗೆ ಇಲಾಖೆಗೆ ಅಪಾರ ಗೌರವವಿದ್ದು, ಸಕಲ ಸೌಕರ್ಯಗಳನ್ನೂ ಕಲ್ಪಿಸಲಾಗಿದೆ.” (ಪತ್ರ ಓದುವ ಅಗತ್ಯವೇ ಬೀಳದಂಥ ಉತ್ತರ. ಇದನ್ನು ರಚಿಸಿದ ದಿನ ಸಾಹೇಬರು ನನ್ನ ಬೆನ್ನು ತಟ್ಟಿದ್ದರು.) ಲಕೋಟೆಯ ಮೇಲೆ ವಿಳಾಸ ಬರೆಯುವುದು ಟಪಾಲು ವಿಭಾಗದವರು. ಹಾಗಾಗಿ ಆ ಉತ್ತರ ಯಾರ ಮನೆಗೆ ಹೋಗುತ್ತದೆಂಬುದು ನನಗೆ ತಿಳಿಯುವುದಿಲ್ಲ.

ಈ ಸಲ ನಮ್ಮ ಮನೆಗೇ ಬಂತು.

ಬೆಳಿಗ್ಗೆ ಕಾಫಿ ಲೋಟದ ಪಕ್ಕದಲ್ಲಿ ಹೆಂಡತಿ ಅದನ್ನು ಬಿಡಿಸಿಟ್ಟಿದ್ದಳು, ಕೆಳಗೆ ನನ್ನ ಸಹಿ. ಇವಳು ಭಾನುವಾರಗಳಂದು ಗೋದಾಮಿನ ಹೆಂಗಸರಿಗೆ ಹೊಲಿಗೆ ಹೇಳಿಕೊಡಲು ಹೋಗುತ್ತಿದ್ದಳು. ಐವತ್ತು ಹೆಂಗಸರಿಗೆ ಒಂದೇ ಬಚ್ಚಲು, ಅದಕ್ಕೆ ಬಾಗಿಲಿಲ್ಲ, ದಯವಿಟ್ಟು ಒಂದು ಬಾಗಿಲು ಹಾಕಿಸಿ ಎಂದು ಬರೆದಿದ್ದಳಂತೆ.

“ರೀ, ಗಮನಿಸಲಾಗಿದೆ ಅಂದ್ರೆ ಯಾರು ಗಮನಿಸಿದ್ದು?” ಎಂದಳು.

“ಹಾಗೆಲ್ಲ ಯಾರೂ ಇರೋದಿಲ್ಲ ಕಣೇ. ಅದು ಆಫೀಸಿನ ಭಾಷೆ.”

“ಸೌಕರ್ಯ ಕಲ್ಪಿಸಲಾಗಿದೆ ಅನ್ನೋದು?”

“ಅದೂ ಅಷ್ಟೇ.”

“ಅಂತೂ ಕಲ್ಪನೆ ಮಾಡ್ಕೊಂಡಿದೀರ. ಇಷ್ಟೊಂದು ‘ಲಾಗಿದೆ’ ನೋಡಿ ಏನೋ ಕೆಲಸ ಆಗಿದೆ ಅಂದ್ಕೊಂಡೆ. ಬರೀ ಲಾಗ ಹಾಕಿದೀರಿ,” ಎಂದವಳು ಜಗಳವನ್ನು ಅಲ್ಲಿಗೇ ನಿಲ್ಲಿಸಿದಳು. ಅವಳು ಜಗಳ ನಿಲ್ಲಿಸಿದರೆ ನನಗೆ ಎದೆ ಡವಡವ ಎನ್ನುತ್ತದೆ.

ಅಂದುಕೊಂಡಂತೆಯೇ ಭಾನುವಾರ ಹೊಲಿಗೆ ಯಂತ್ರವನ್ನು ನನ್ನ ತಲೆಯ ಮೇಲೆ ಹೊರಿಸಿ ಗೋದಾಮಿಗೆ ಕರೆದೊಯ್ದಳು. ಬಚ್ಚಲ ಮುಂದೆ ಇಬ್ಬರು ಹೆಂಗಸರು ಒಂದು ಹೊದಿಕೆಯನ್ನು ಆಚೀಚೆ ಹಿಡಿದು, ಬೆನ್ನು ತಿರುಗಿಸಿ ನಿಂತಿದ್ದರು. ಒಳಗೆ ಯಾರೋ ಸ್ನಾನ ಮಾಡುತ್ತಿದ್ದರು. ಗಾಳಿ ಬೀಸಿದಾಗಲೆಲ್ಲ ಒಳಗಿನವರು ಕೂಗಿಕೊಳ್ಳುತ್ತಿದ್ದರು, ಇವರು ಹೊದಿಕೆಯನ್ನು ಇನ್ನಷ್ಟು ಬಿಗಿಯಾಗಿ ಎಳೆದು ಹಿಡಿಯುತ್ತಿದ್ದರು. ನಾನು ನೆಲ ನೋಡಿದೆ.

ಅಲ್ಲಿ ಟೀಚರಮ್ಮ ಎಂದು ಎಲ್ಲರೂ ಕರೆಯುವ ಹಿರಿಯರೊಬ್ಬರಿದ್ದರು. ತಮ್ಮ ದೇಶದಲ್ಲಿ ಗಣಿತ ಕಲಿಸುತ್ತಿದ್ದವರು. ನಮ್ಮ ಮಾತು ತಕ್ಕಮಟ್ಟಿಗೆ ಕಲಿತಿದ್ದರು, ಲಿಪಿ ಬರುತ್ತಿರಲಿಲ್ಲ. ನಾನು ಇಲಾಖೆಯವನೆಂದು ತಿಳಿದೊಡನೆ ಒಳಗೆ ಹೋಗಿ, ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿಟ್ಟಿದ್ದ ಕಾಗದವೊಂದನ್ನು ತಂದರು. ಬಾಗಿಲಿಗಾಗಿ ತಾವೂ ಯಾರ ಕೈಯಲ್ಲೋ ಪತ್ರ ಬರೆಸಿ ಕಳಿಸಿದ್ದರಂತೆ, ಅದಕ್ಕೆ ಬಂದ ಉತ್ತರ. ಮೊಹರು ಇರುವುದರಿಂದ ಒಳ್ಳೆಯ ಸುದ್ದಿಯೇ ಇರಬೇಕು, ಓದಿ ಹೇಳಿ ಎಂದರು. ನನ್ನದೇ ಉತ್ತರ, ನನ್ನದೇ ಸಹಿ. ಸುತ್ತ ಹದಿನೈದು ಇಪ್ಪತ್ತು ಹೆಂಗಸರು ಸೇರಿದ್ದರು. ನನ್ನ ಹೆಂಡತಿ ಸೂಜಿಗೆ ದಾರ ಪೋಣಿಸುತ್ತ ಕಿವಿಯೆಲ್ಲ ಇತ್ತಲೇ ಇಟ್ಟಿದ್ದಳು.

ಓದಲು ನಾಲಿಗೆ ಏಳಲಿಲ್ಲ. “ಮುಂದಿನ ಭಾನುವಾರದೊಳಗೆ ಬಾಗಿಲು ಬರುತ್ತೆ ಅಂತ ಇದೆಯಮ್ಮ,” ಎಂದುಬಿಟ್ಟೆ.

ಟೀಚರಮ್ಮ ಆ ಕಾಗದವನ್ನು ಕಣ್ಣಿಗೊತ್ತಿಕೊಂಡರು. ಇಲಾಖೆಯ ಪತ್ರಕ್ಕೆ ಅಂಥ ಮರ್ಯಾದೆ ಸಿಕ್ಕಿದ್ದನ್ನು ನಾನು ಕಂಡಿರಲಿಲ್ಲ.

ಸೋಮವಾರವೇ ಕಡತ ಮಂಡಿಸಿದೆ. ಸಾಹೇಬರು ಕನ್ನಡಕ ಒರೆಸಿಕೊಂಡು, ಗೋದಾಮು ತಾತ್ಕಾಲಿಕ ವ್ಯವಸ್ಥೆ, ಬಾಗಿಲು ಶಾಶ್ವತ ವಸ್ತು, ತಾತ್ಕಾಲಿಕಕ್ಕೆ ಶಾಶ್ವತವನ್ನು ಜೋಡಿಸಲು ನಿಯಮದಲ್ಲಿ ಅವಕಾಶವಿಲ್ಲ ಎಂದರು. ತಾತ್ಕಾಲಿಕ ಬಾಗಿಲು ಹಾಕಿಸೋಣವೇ ಎಂದು ಕೇಳಿದೆ. ಅದನ್ನೇ ಪರದೆ ಎನ್ನುವುದು, ಹೊದಿಕೆ ಈಗಾಗಲೇ ಇದೆಯಲ್ಲ ಎಂದರು. ಬುಧವಾರ, ಗುರುವಾರ, ಶುಕ್ರವಾರ ಕಾಲಿಗೆ ಬಿದ್ದಂತೆ ಕೇಳಿಕೊಂಡರೂ ಕಡತ ಮೇಜಿನಿಂದ ಮೇಲೇಳಲಿಲ್ಲ.

ಶನಿವಾರ ಸಂಜೆ ಮನೆಗೆ ಬಂದು, ಕೈಕಾಲು ತೊಳೆಯಲು ಹೋದರೆ ನಮ್ಮ ಬಚ್ಚಲಿಗೆ ಬಾಗಿಲೇ ಇಲ್ಲ. ಬಡಗಿ ಕೆಲಸ ಮಾಡುವ ನನ್ನ ಭಾವಮೈದ ಅದನ್ನು ತಿರುಪು ಸಮೇತ ಬಿಚ್ಚಿಕೊಂಡು ಹೋಗಿ, ಗೋದಾಮಿನಲ್ಲಿ ಕೂರಿಸಿಯೂ ಆಗಿತ್ತು.

“ಮಾತು ಕೊಟ್ಟಿದ್ದು ನೀವು ತಾನೆ. ಇಲಾಖೆ ಮಾನ ಉಳಿಸಿದೀನಿ,” ಎಂದಳು ಹೆಂಡತಿ.

ಸುದ್ದಿ ಸಾಹೇಬರ ಕಿವಿಗೆ ಬಿತ್ತು. ಅವರು ಸಿಟ್ಟಾಗಲಿಲ್ಲ. ಬಾಗಿಲು ಬಂದಾಗಿದೆ, ಬಂದ ಮೇಲೆ ಉದ್ಘಾಟನೆ ಆಗಲೇಬೇಕು ಎಂದು ದೊಡ್ಡ ಸಾಹೇಬರನ್ನೇ ಕರೆಸಿದರು. ರಿಬ್ಬನ್ ಕಟ್ಟಿದರು, ಫೋಟೋದವನು ಬಂದ. ದೊಡ್ಡ ಸಾಹೇಬರು ಕತ್ತರಿಸಿ, ಒಳಗೆ ಕಾಲಿಟ್ಟು, ಅಗುಳಿ ಹಾಕಿ ನೋಡಿದರು. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಆಗ ನನಗೆ ಥಟ್ಟನೆ ನೆನಪಾಗಿ ಬೆವರಿಳಿಯಿತು. ಬಾಗಿಲಿನ ಒಳಮೈ ಮೇಲೆ ಎರಡು ವರ್ಷದ ಹಿಂದೆ ಇವಳು ಕಾಗದ ಖರ್ಚು ಮಾಡದೆ ಕರಿ ಬಣ್ಣದಲ್ಲಿ ದಪ್ಪಗೆ ಬರೆದಿಟ್ಟದ್ದು ಹಾಗೇ ಇತ್ತು: “ನೀರು ಚೆಲ್ಲಬೇಡಿ. ಹತ್ತು ನಿಮಿಷಕ್ಕಿಂತ ಹೆಚ್ಚು ಇರಬೇಡಿ. ಹಾಡಲೇಬೇಡಿ.”

ದೊಡ್ಡ ಸಾಹೇಬರು ಹೊರಗೆ ಬಂದವರೇ ನಮ್ಮ ಸಾಹೇಬರ ಕೈ ಕುಲುಕಿದರು. ಇಷ್ಟು ಸ್ಪಷ್ಟವಾದ ನಿಯಮಾವಳಿಯನ್ನು ತಮ್ಮ ಸೇವಾವಧಿಯಲ್ಲೇ ನೋಡಿಲ್ಲ, ಎಲ್ಲ ತಂಗುದಾಣಗಳಿಗೂ ಅನ್ವಯವಾಗಲಿ ಎಂದರು. ಮರುದಿನ ಸುತ್ತೋಲೆ ಹೊರಟಿತು. ಬೆರಳಚ್ಚು ಮಾಡಿದವನು ನಾನು: “ಸ್ನಾನಗೃಹದಲ್ಲಿ ಗಾಯನವನ್ನು ನಿಷೇಧಿಸಲಾಗಿದೆ.”

ವಾರ ಕಳೆಯುವುದರೊಳಗೆ ಪ್ರತಿಭಟನಾ ಪತ್ರ ಬಂತು. ಊರುಬಿಟ್ಟು ಬಂದವರಿಗೆ ಉಳಿದಿರುವುದೇ ನಾಲ್ಕು ಹಾಡು, ಬಾಗಿಲು ಬಂದ ಮೇಲೆ ನೆಮ್ಮದಿಯಾಗಿ ಹಾಡಿಕೊಳ್ಳುತ್ತಿದ್ದರು, ಅದನ್ನೂ ಕಸಿದರೆ ಇದು ಮಾನವ ಹಕ್ಕುಗಳ ಉಲ್ಲಂಘನೆ ಎಂದಿತ್ತು. ಆ ಪತ್ರವನ್ನು ನಾನು ಪೂರ್ತಿ ಓದಿದೆ. ನೂರಕ್ಕೂ ಹೆಚ್ಚು ಸಹಿಗಳಿದ್ದವು, ಎಲ್ಲಕ್ಕಿಂತ ಮೇಲಿನದು ನನ್ನ ಹೆಂಡತಿಯದು. ಎದ್ದು ಹೋಗಿ ಸಾಹೇಬರ ಮುಂದೆ ನಿಂತು, ಆ ನಿಯಮ ಯಾರು ಯಾರಿಗೋಸ್ಕರ ಬರೆದದ್ದೆಂದು ಬಾಯಿಬಿಟ್ಟು ಹೇಳಿದೆ. ವಿಭಾಗಕ್ಕೆ ವಿಭಾಗವೇ ಬಿದ್ದು ಬಿದ್ದು ನಕ್ಕಿತು. ಸುತ್ತೋಲೆ ಅಂದೇ ರದ್ದಾಯಿತು. ಗೋದಾಮಿನಲ್ಲಿ ಈಗ ಬೆಳಗ್ಗೆಯಿಂದ ಸಂಗೀತವೋ ಸಂಗೀತ.

ಇಷ್ಟೆಲ್ಲ ಆದ ಮೇಲೆ ಮರುದಿನ ನಾನೂ ಧೈರ್ಯ ಮಾಡಿ, ಬಾಗಿಲಿಲ್ಲದ ನಮ್ಮ ಬಚ್ಚಲಲ್ಲಿ ಹಳೆಯ ಹೊದಿಕೆಯ ಮರೆಯಲ್ಲಿ ತಂಬಿಗೆ ಹಿಡಿದು ಒಂದು ಪಲ್ಲವಿ ಎತ್ತಿದೆ. ಅಡುಗೆಮನೆಯಿಂದ ಸೌಟಿನ ಸದ್ದು ನಿಂತಿತು.

“ಅವರದು ಮಾನವ ಹಕ್ಕು ರೀ,” ಎಂಬ ದನಿ ಕೇಳಿಸಿತು. “ನಿಮ್ಮದು ಬರೀ ಗಲಾಟೆ.”